ದಾಖಲೆಗೆ ಬಾರದ ಹೊಲಿಗೆ

ವಿಮಾನ ಅಂದ ಕೂಡಲೆ ಜನ ರೆಕ್ಕೆ ನೆನೆಯುತ್ತಾರೆ, ಎಂಜಿನ್ ನೆನೆಯುತ್ತಾರೆ, ಕಪ್ಪು ಕನ್ನಡಕದ ಪೈಲಟ್‌ನನ್ನು ನೆನೆಯುತ್ತಾರೆ. ಒಳಗೆ ಕೂರಲು ಸೀಟು ಬೇಕು, ಸೀಟಿಗೆ ಗವಸು ಬೇಕು, ಆ ಗವಸನ್ನು ಯಾರೋ ಒಬ್ಬರು ಸೊಂಟ ಹಿಡಿದುಕೊಂಡು ಕೂತು ಹೊಲಿದಿರಬೇಕು ಅನ್ನುವುದು ಯಾರ ತಲೆಗೂ ಬರುವುದಿಲ್ಲ. ಹೊಲಿಗೆಯಕ್ಕ ಹನ್ನೊಂದು ವರ್ಷದಿಂದ ಆ ಕೆಲಸ ಮಾಡುತ್ತಿದ್ದಾಳೆ. ಊರಾಚೆಯ ಹಾರಾಟದ ಕ್ಲಬ್ಬಿನಲ್ಲಿ ಮೂರು ಪುಟ್ಟ ವಿಮಾನಗಳಿವೆ. ಮೂರರ ಸೀಟು, ಚಾವಣಿಯ ಬಟ್ಟೆ, ನೆಲದ ಹಾಸು, ಬಾಗಿಲ ಒಳಮೈ, ಸಾಮಾನು ಕಟ್ಟುವ ಪಟ್ಟಿ, ಎಲ್ಲ ಅವಳ ಕೈಯದೇ.

ಅವಳ ಅಪ್ಪನಿಗೆ ಕುಶನ್ ಅಂಗಡಿ ಇತ್ತು. ಸ್ಕೂಟರ್ ಸೀಟು, ಬಸ್ಸಿನ ಸೀಟು, ಹರಿದ ಸೋಫಾ ಬರುತ್ತಿದ್ದವು. ಬೋರ್ಡಿನ ಮೇಲೆ ಅಪ್ಪನ ಹೆಸರು, ಅಪ್ಪನ ನಂತರ ಅಣ್ಣನ ಹೆಸರು. ಮೆಷಿನ್ ತುಳಿಯುವುದು ಮಾತ್ರ ಮೊದಲಿನಿಂದಲೂ ಇವಳೇ. ಒಂದು ದಿನ ಕ್ಲಬ್ಬಿನವರು ಕಿತ್ತುಹೋದ ಸೀಟೊಂದನ್ನು ಹೊತ್ತು ತಂದು, ಇದು ವಿಮಾನದ್ದು ಅಂದರು. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಇವಳು ಸೀಟನ್ನು ಮಗುಚಿ ನೋಡಿ, "ಕೂರೋದು ಮನುಷ್ಯರೇ ತಾನೇ? ಹಾಗಾದ್ರೆ ಹೊಲೀತೀನಿ ಬಿಡಿ," ಅಂದಳು. ಆ ಸೀಟಿನ ಹಿಂದೆಯೇ ಅವಳೂ ಕ್ಲಬ್ಬಿನ ಶೆಡ್ಡಿಗೆ ಹೋದಳು. ಅಲ್ಲೇ ಒಂದು ಮೂಲೆ, ಒಂದು ಮೆಷಿನ್, ಒಂದು ಟ್ಯೂಬ್‌ಲೈಟ್ ಅವಳ ಪಾಲಿಗೆ ಬಂದವು.

ಮೊದಲ ವಾರ ಶೆಡ್ಡಿನ ಗಂಡಸರು, "ಅಕ್ಕ, ನಿಮ್ಮ ಕೈಯಲ್ಲಿ ಟೀ ಚೆನ್ನಾಗಿರುತ್ತೆ," ಅಂದರು, ಇನ್ನೂ ಕುಡಿಯುವುದಕ್ಕೆ ಮುಂಚೆಯೇ. ಅವಳು ಮಾಡಿಕೊಟ್ಟಳು. ಅದನ್ನು ಕುಡಿದ ಮೇಲೆ ಮೇಸ್ತ್ರಿ, ಅಂದರೆ ಶೆಡ್ಡಿನ ಹಿರಿಯ ಮೆಕ್ಯಾನಿಕ್, ನಲವತ್ತೆಂಟನೆಯ ವಯಸ್ಸಿನಲ್ಲಿ ಟೀ ಮಾಡುವುದನ್ನು ತಾನೇ ಕಲಿತ. ಅವಳ ಟೀ ಮನೆಯಲ್ಲಿ ಬಹಳ ಚೆನ್ನಾಗಿರುತ್ತದೆ ಎಂಬ ಸುದ್ದಿ ಶೆಡ್ಡಿಗೆ ಇವತ್ತಿಗೂ ಮುಟ್ಟಿಲ್ಲ.

ಆ ಶೆಡ್ಡಿನಲ್ಲಿ ಅವಳಿಗೆ ಬಹಳ ಹಿಡಿಸಿದ್ದು ದಾಖಲೆ ಪುಸ್ತಕ. ಒಂದೊಂದು ವಿಮಾನಕ್ಕೂ ಒಂದೊಂದು. ಒಂದು ಸ್ಕ್ರೂ ಬಿಗಿಮಾಡಿದರೂ ಅದರಲ್ಲಿ ಬರೆಯಬೇಕು: ದಿನಾಂಕ, ಕೆಲಸ, ಮಾಡಿದವರು, ನೋಡಿದವರು. ಒಬ್ಬರು ಮಾಡಿ ಸಹಿ ಹಾಕುತ್ತಾರೆ, ಇನ್ನೊಬ್ಬರು ಸರಿಯಿದೆಯೇ ಎಂದು ನೋಡಿ ಸಹಿ ಹಾಕುತ್ತಾರೆ. ಅವಳು ಮೊದಲ ಸಲ ಆ ಪುಸ್ತಕ ತಿರುವಿದಾಗ ಮನೆಯ ನೆನಪಾಗಿ ನಕ್ಕಿದ್ದಳು. ಬೆಳಗ್ಗೆ ಐದೂವರೆಯಿಂದ ಒಂಬತ್ತರವರೆಗೆ ಅವಳು ಮಾಡುವುದನ್ನು ಹೀಗೆ ಬರೆಯುತ್ತ ಹೋದರೆ ತಿಂಗಳಿಗೊಂದು ಪುಸ್ತಕ ತುಂಬುತ್ತಿತ್ತು, 'ನೋಡಿದವರು' ಎಂಬ ಕಡೆ ಮಾತ್ರ ಖಾಲಿ.

ಆದರೆ ಆ ಪುಸ್ತಕದಲ್ಲಿಯೂ ಅವಳ ಕೆಲಸ ಇರಲಿಲ್ಲ. ಬೆಂಕಿ ಹತ್ತದ ಬಟ್ಟೆ ಎಂಬ ಪ್ರಮಾಣಪತ್ರವನ್ನು ಫೈಲಿಗೆ ಹಾಕುತ್ತಿದ್ದರು. ಬಟ್ಟೆ ಹೊಲಿದವಳ ಸುದ್ದಿ ಎಲ್ಲೂ ಹೋಗುತ್ತಿರಲಿಲ್ಲ. ಅವಳು ಒಮ್ಮೆ ಕೇಳಿದ್ದಕ್ಕೆ ಮೇಸ್ತ್ರಿ, "ಹೊಲಿಗೆ ತಾನೇ ಅಕ್ಕ, ಅದನ್ನೇನು ಬರೆಯೋದು? ಮನೆ ಗುಡಿಸಿದ್ದನ್ನ ಯಾರಾದ್ರೂ ಬರೀತಾರಾ?" ಅಂದಿದ್ದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವನಿಗೆ ಹಾಗೆಯೇ ಕಂಡಿತ್ತು.

ಮೂರು ವಿಮಾನಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ಶೆಡ್ಡಿನವರು 'ಮುದುಕಿ' ಎಂದು ಹೆಸರಿಟ್ಟಿದ್ದರು. ನಾಲ್ಕು ಸೀಟು, ಮೇಲೆ ರೆಕ್ಕೆ, ಮುಂದೊಂದು ಪಂಖ. ಹೊಲಿಗೆಯಕ್ಕನಿಗಿಂತ ಬರೀ ಮೂರು ವರ್ಷ ದೊಡ್ಡದು. "ವಿಮಾನಕ್ಕೆ ವಯಸ್ಸಾದ್ರೆ ಮುದುಕಿ, ನಮ್ಮ ಕ್ಲಬ್ಬಿನ ಕಾರ್ಯದರ್ಶಿಗಳಿಗೆ ವಯಸ್ಸಾದ್ರೆ ಹಿರಿಯರು," ಎಂದು ಅವಳು ಆಗಾಗ ಗೊಣಗುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಕಲಿಯಲು ಬಂದವರು ಮುದುಕಿಯ ಬಾಗಿಲ ಸಂದಿಯಿಂದ ಗಾಳಿ ಕೊರೆಯುತ್ತದೆ ಎಂದು ದೂರಿದ್ದರು. ಮೇಸ್ತ್ರಿ ಎರಡೂ ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ ಕೂರಿಸಿದ. ವಿಮಾನ ಹೇಗೂ ನಿಂತಿದೆಯಲ್ಲ ಎಂದು ಅದೇ ವಾರ ಹೊಲಿಗೆಯಕ್ಕನಿಗೆ ಒಳಾಂಗಣವನ್ನೆಲ್ಲ ಹೊಸದು ಮಾಡಲು ಹೇಳಿದರು. ಅವಳು ಹದಿನೆಂಟು ದಿನ ಕೂತು ಮಾಡಿದಳು. ಬೂದು ಬಣ್ಣದ ಬಟ್ಟೆ, ಅಂಚಿಗೆ ಕಡುನೀಲಿ ಪಟ್ಟಿ. ಹಿಂದಿನ ಸೀಟಿನ ಬೆನ್ನಿಗೆ ಸಾಮಾನಿಡುವ ಜಾಗ, ಅದರ ಹಿಂದೆ ಬಾಲದ ಕಡೆಗೆ ಒಂದು ಗೋಡೆಹಲಗೆ. ಎಲ್ಲ ಮುಗಿದ ಮೇಲೆ ಆ ಹಲಗೆ ಮಾತ್ರ ಬೋಳುಬೋಳಾಗಿ ಕಂಡಿತು. ಅದಕ್ಕೂ ಒಂದು ದಪ್ಪ ಬಟ್ಟೆ ಎಳೆದು, ಎಲ್ಲಿಯೂ ಸುಕ್ಕಿಲ್ಲದಂತೆ ಅಂಟಿಸಿ ಹೊಲಿದಳು. ನೋಡಿದವರೆಲ್ಲ ಬಾಯಿ ತುಂಬ ಹೊಗಳಿದರು. ಕ್ಲಬ್ಬಿನ ಕಾರ್ಯದರ್ಶಿಗಳು ಹಿಂದಿನ ಸೀಟಿನಲ್ಲಿ ಕೂತು ಫೋಟೊ ತೆಗೆಸಿಕೊಂಡರು.

ಬೇಸಿಗೆ ಬಂತು. ಮುದುಕಿಯ ಒಳಗೆ ಕೂತವರು ಬೆಂದುಹೋಗತೊಡಗಿದರು. ರೆಕ್ಕೆಯ ಬುಡದಲ್ಲಿ, ಕೂತವರ ಕಿವಿಯ ಹತ್ತಿರ ಒಂದೊಂದು ಗಾಳಿಕಿಂಡಿ ಇರುತ್ತದೆ, ಎಳೆದರೆ ತೆರೆಯುತ್ತದೆ. ಎಷ್ಟು ಎಳೆದರೂ ಅದರಿಂದ ಬರುತ್ತಿದ್ದದ್ದು ಸಿಟ್ಟು ಬಂದವರು ಬಿಡುವಂಥ ಒಂದು ನಿಟ್ಟುಸಿರು. ಹಿಂದಿನ ಸೀಟಿಗೆ ಅದೂ ಇಲ್ಲ. ಹಿಂದೆ ಕೂತವರು ವಾಂತಿ ಮಾಡಿಕೊಂಡರು. ಆ ವಾಂತಿ ತೊಳೆಯುವ ಕೆಲಸವೂ, ಬಟ್ಟೆಗೆ ಸಂಬಂಧಪಟ್ಟದ್ದು ಎಂಬ ನ್ಯಾಯದಿಂದ, ಹೊಲಿಗೆಯಕ್ಕನಿಗೇ ಬಂತು. ಮೊದಲ ಮಳೆಗೆ ಗಾಜಿನ ಒಳಗಡೆಯೆಲ್ಲ ಮಂಜು ಕಟ್ಟಿತು. ಹಾರಾಟ ಕಲಿಸುವ ಟೀಚರಮ್ಮ ಒಂದು ಕೈಯಲ್ಲಿ ವಿಮಾನ, ಇನ್ನೊಂದು ಕೈಯಲ್ಲಿ ಕರವಸ್ತ್ರ ಹಿಡಿದು ಗಾಜು ಒರೆಸಿಕೊಂಡೇ ಕೆಳಗಿಳಿದಳು.

"ಇನ್ನೊಂದ್ ಸಲ ಹೀಗಾದ್ರೆ ನಾನು ಇದನ್ನ ಹಾರಿಸಲ್ಲ ಮೇಸ್ತ್ರಿ," ಅಂದಳು ಅವಳು. "ಬೇಯೋದೇ ಆದ್ರೆ ನಮ್ಮನೇಲೇ ಅಡುಗೆಮನೆ ಇದೆ."

ಮೇಸ್ತ್ರಿ ರೆಕ್ಕೆಯ ಮುಂಭಾಗದ ತೂತಿಗೆ ಟಾರ್ಚ್ ಬಿಟ್ಟು ನೋಡಿದ. ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಕೆರೆದು ತೆಗೆದು, ಅಂಗೈ ಮೇಲಿಟ್ಟುಕೊಂಡು ಶೆಡ್ಡೆಲ್ಲ ಮೆರವಣಿಗೆ ಮಾಡಿದ. ಮರುದಿನ ವಿಮಾನ ಹಾಗೆಯೇ ಬೆಂದಿತು. ಗಾಳಿ ತರುವ ರಬ್ಬರ್ ಕೊಳವೆಗಳು ಹಳೆಯವು, ಸೀಳಿವೆ ಎಂದು ಹೊಸ ಕೊಳವೆ ಹಾಕಿದ. ಬೆಂದಿತು. ಕಿಂಡಿಗಳನ್ನೇ ಬದಲಾಯಿಸಿದ, ಇನ್ನೂ ದೊಡ್ಡವು. ಆಗಲೂ ಬೆಂದಿತು. ಕೊನೆಗೆ ದಾಖಲೆ ಪುಸ್ತಕ ಬಿಚ್ಚಿಕೊಂಡು ಕೂತ. ಅವನ ಪದ್ಧತಿಯೇ ಅದು: ಚೆನ್ನಾಗಿದ್ದದ್ದು ಕೆಟ್ಟಿದೆ ಅಂದರೆ ನಡುವೆ ಯಾರೋ ಏನೋ ಮುಟ್ಟಿದ್ದಾರೆ, ಮುಟ್ಟಿದ್ದು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಬಾಗಿಲಿನ ರಬ್ಬರ್ ಬಿಟ್ಟರೆ ಬೇರೆ ಏನೂ ಸಿಗಲಿಲ್ಲ. ರಬ್ಬರ್ ಚೆನ್ನಾಗಿಯೇ ಇತ್ತು.

ಮುಂದಿನ ಸೋಮವಾರ ಕ್ಲಬ್ಬಿನ ಸಭೆ. ಕಾರ್ಯದರ್ಶಿಗಳ ಮೇಜಿನ ಮೇಲೆ ಎರಡು ಕಾಗದ ಸಿದ್ಧವಾಗಿದ್ದವು. ಒಂದು, ಮುದುಕಿಯನ್ನು ಗುಜರಿಗೆ ಕೊಡುವುದು. ಇನ್ನೊಂದು, ಹೊಲಿಗೆಯಕ್ಕನ ಕೆಲಸ ಕಾಯಂ ಮಾಡುವುದು. ಹನ್ನೊಂದು ವರ್ಷ ಅವಳು ಕರೆದಾಗ ಬರುವ, ಕೆಲಸವಿಲ್ಲದಾಗ ಮನೆಯಲ್ಲಿರುವ ಹೊಲಿಗೆಯವಳು. ಈಗ ತಿಂಗಳ ಸಂಬಳ, ರಜೆ, ಗುರುತಿನ ಚೀಟಿ. ಕಾಗದದಲ್ಲಿ ಕಾರಣವನ್ನೂ ಟೈಪ್ ಮಾಡಿದ್ದರು: 'ಹಳೆಯ ವಿಮಾನದ ಒಳಾಂಗಣವನ್ನು ಅತ್ಯುತ್ತಮವಾಗಿ ನವೀಕರಿಸಿದ್ದಕ್ಕಾಗಿ'. ಟೀಚರಮ್ಮ ಅದನ್ನು ಓದಿ ಬಂದು ಅವಳ ಕಿವಿಯಲ್ಲಿ ಹೇಳಿದ್ದಳು. ಹೊಲಿಗೆಯಕ್ಕ ಆ ಸಾಲನ್ನು ಬಾಯಿಪಾಠ ಮಾಡಿಕೊಂಡು, ಮನೆಯಲ್ಲಿ ಪಾತ್ರೆ ತಿಕ್ಕುವಾಗ ಹೇಳಿಕೊಳ್ಳುತ್ತಿದ್ದಳು.

ಗುರುವಾರ ಬೆಳಗ್ಗೆ ಎಣ್ಣೆ ಮುಗಿದಿತ್ತು. ಹೊಸ ಡಬ್ಬ ಒಡೆಯಬೇಕು. ಅವಳ ಎರಡೂ ಕೈ ಹಿಟ್ಟಾಗಿದ್ದವು. "ರೀ, ಆ ಡಬ್ಬ ಸ್ವಲ್ಪ ಒಡೆದುಕೊಡಿ," ಅಂದಳು. ಗಂಡ ಪೇಪರ್ ಮಡಿಚಿಟ್ಟು ಎದ್ದು ಬಂದ. ಮೊಳೆ ಎಲ್ಲಿ ಅಂದ. ಸುತ್ತಿಗೆ ಎಲ್ಲಿ ಅಂದ. ಅವಳು ಹಿಟ್ಟಿನ ಬೆರಳಿನಿಂದ ತೋರಿಸಿದಳು. ಅವನು ಮೂಲೆಯಲ್ಲಿ ಒಂದು ಏಟು ಹಾಕಿ ತೂತು ಮಾಡಿ, ಬೆವರು ಒರೆಸಿಕೊಂಡು, ಹೋಗಿ ಮತ್ತೆ ಪೇಪರ್ ಹಿಡಿದ. ಅವನು ಮನೆಗೆಲಸ ಮಾಡಿದ ಸುದ್ದಿ ಇನ್ನು ಮೂರು ದಿನ ಬಂದವರಿಗೆಲ್ಲ ಗೊತ್ತಾಗುವುದಿತ್ತು.

ಅವಳು ಕೈ ತೊಳೆದು ಡಬ್ಬ ಬಗ್ಗಿಸಿದಳು. ಎಣ್ಣೆ ಒಂದು ಗುಟುಕು ಬಂತು, ನಿಂತಿತು. ಗುಳಕ್ ಅಂತು. ಮತ್ತೆ ಒಂದು ತೊಟ್ಟು.

ಅತ್ತೆ ಬಾಗಿಲ ಹತ್ತಿರ ಸೊಪ್ಪು ಬಿಡಿಸುತ್ತ ಕೂತಿದ್ದರು. ತಲೆ ಎತ್ತದೆಯೇ, "ಒಂದೇ ತೂತು ಮಾಡಿದ್ನಾ ನನ್ನ ಮಗ?" ಅಂದರು.

"ಹೂಂ ಅತ್ತೆ."

"ಐವತ್ತು ವರ್ಷ ಈ ಮನೇಲಿ ಎಣ್ಣೆ ತಿಂದಿದಾನೆ, ಡಬ್ಬದಿಂದ ಹೇಗೆ ಬರುತ್ತೆ ಅಂತ ನೋಡಿಲ್ಲ. ಎದುರು ಮೂಲೇಲಿ ಇನ್ನೊಂದು ಹೊಡಿಯೇ. ಅಲ್ಲಿಂದ ಗಾಳಿ ಆಡಿದ್ರೆ ತಾನೇ ಇಲ್ಲಿಂದ ಎಣ್ಣೆ ಆಡೋದು."

ಅವಳು ಮೊಳೆ ಇಟ್ಟು ಇನ್ನೊಂದು ತೂತು ಮಾಡಿದಳು. ಎಣ್ಣೆ ಜಡೆಯ ಹಾಗೆ ಸಲೀಸಾಗಿ ಇಳಿಯಿತು. ಅವಳು ಡಬ್ಬವನ್ನು ಹಾಗೇ ಹಿಡಿದು ನಿಂತಳು. ಜಾಡಿ ತುಂಬಿ ಕಟ್ಟೆಯ ಮೇಲೆ ಹರಿಯಿತು.

"ಏನಾಯ್ತೇ ನಿಂಗೆ?" ಅಂದರು ಅತ್ತೆ.

ಅವಳ ಕಣ್ಣ ಮುಂದೆ ಇದ್ದದ್ದು ಮುದುಕಿಯ ಹಿಂದಿನ ಹಲಗೆ. ಬಟ್ಟೆ ಹಾಕುವ ಮುಂಚೆ ಅದರ ಮೇಲ್ಭಾಗದಲ್ಲಿ ಸಣ್ಣ ಸಣ್ಣ ತೂತುಗಳ ಎರಡು ಸಾಲಿದ್ದವು. ತೂಕ ಕಮ್ಮಿ ಮಾಡಲು ಕೊರೆದಿರಬೇಕು ಅಂದುಕೊಂಡಿದ್ದಳು. ನೋಡಲು ಚೆನ್ನಾಗಿಲ್ಲ ಎಂದು ಮುಚ್ಚಿದ್ದಳು.

ಬಸ್ಸಿನಲ್ಲಿ ಅವಳ ತಲೆ ಮೆಷಿನ್ನಿನಂತೆ ಓಡಿತು. ಮುಂದಿನ ಕಿಂಡಿಯಿಂದ ಬಂದ ಗಾಳಿ ಸೀಟುಗಳನ್ನು ಹಾದು ಆ ತೂತುಗಳಿಂದ ಬಾಲದೊಳಗೆ ಹೋಗಿ ಹೊರಬೀಳಬೇಕು. ಅದನ್ನು ಅವಳು ಮುಚ್ಚಿದ್ದಾಳೆ. ಹೋಗಲು ದಾರಿ ಇಲ್ಲದ ಮೇಲೆ ಬರುವ ಗಾಳಿ ಎಲ್ಲಿಗೆ ಬರಬೇಕು? ಮೇಸ್ತ್ರಿ ಎಷ್ಟು ದೊಡ್ಡ ಕಿಂಡಿ ಇಟ್ಟರೂ ಅಷ್ಟೇ. ಮತ್ತು ಮೇಸ್ತ್ರಿಗೆ ಅದು ಸಿಗಲಿಲ್ಲ, ಯಾಕೆಂದರೆ ಅವನು ಪುಸ್ತಕ ನೋಡಿದ. ಪುಸ್ತಕದ ಪ್ರಕಾರ ಆ ಹಲಗೆಯನ್ನು ಯಾರೂ ಮುಟ್ಟಿರಲಿಲ್ಲ.

ಇದರ ಇನ್ನೊಂದು ಮಗ್ಗುಲೂ ಅವಳಿಗೆ ಬೇಗನೆ ಹೊಳೆಯಿತು. ಬರೆಯದ ಕೆಲಸದ ತಪ್ಪೂ ಬರೆದಿರುವುದಿಲ್ಲ. ಭಾನುವಾರ ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ. ಒಂದು ಬ್ಲೇಡು, ಒಂದು ಗಂಟೆ. ಬಟ್ಟೆ ಕತ್ತರಿಸಿ ಜಾಲರಿ ಹೊಲಿದುಬಿಟ್ಟರೆ ಮುದುಕಿ ಉಸಿರಾಡುತ್ತಾಳೆ, ಸೋಮವಾರ ಕಾಗದಕ್ಕೆ ಸಹಿ ಬೀಳುತ್ತದೆ, ಅತ್ಯುತ್ತಮ ನವೀಕರಣ ಅತ್ಯುತ್ತಮವಾಗಿಯೇ ಉಳಿಯುತ್ತದೆ. ಮೇಸ್ತ್ರಿ ತನ್ನ ಹೊಸ ಕೊಳವೆಗಳೇ ಕೆಲಸ ಮಾಡಿದವು ಅಂದುಕೊಳ್ಳುತ್ತಾನೆ, ಪಾಪ, ಸಂತೋಷಪಡಲಿ.

ಎರಡು ಸ್ಟಾಪ್ ದಾಟುವವರೆಗೂ ಅವಳಿಗೆ ಇದು ಬಹಳ ಚೆನ್ನಾಗಿ ಕಂಡಿತು. ಮೂರನೆಯ ಸ್ಟಾಪಿನಲ್ಲಿ ಇನ್ನೊಂದು ಯೋಚನೆ ಹತ್ತಿಕೊಂಡಿತು. ಉಳಿದ ಎರಡು ವಿಮಾನಕ್ಕೂ ಮುಂದಿನ ಚಳಿಗಾಲದಲ್ಲಿ ಹೊಸ ಬಟ್ಟೆ ಹಾಕಬೇಕು. ಅವಳು ಇಲ್ಲದಿದ್ದರೆ ಇನ್ನೊಬ್ಬಳು ಹಾಕುತ್ತಾಳೆ. ಅವಳಿಗೂ ಯಾರೂ ಹೇಳಿರುವುದಿಲ್ಲ. ಗುಟ್ಟಾಗಿ ಕೆಡಿಸಿ ಗುಟ್ಟಾಗಿ ಸರಿಮಾಡಿದರೆ, ಹನ್ನೊಂದು ವರ್ಷದ ಕೆಲಸವೂ ಗುಟ್ಟಾಗಿಯೇ ಉಳಿಯುತ್ತದೆ. ಮನೆಯಲ್ಲಂತೂ ಅದು ಹಾಗೇ ನಡೆದಿದೆ. ಶೆಡ್ಡಿನಲ್ಲಿಯೂ ಅದೇ ಬೇಕೆ?

ಮೇಸ್ತ್ರಿ ಒಲೆಯ ಮುಂದೆ ನಿಂತು ತನ್ನ ಟೀ ಸೋಸುತ್ತಿದ್ದ.

"ಮೇಸ್ತ್ರಿ, ಮುದುಕಿ ಬೇಯ್ತಿರೋದು ನನ್ನಿಂದ," ಅಂದಳು.

"ನೀವು ಒಲೆ ಹಚ್ಚಿದೀರಾ ಒಳಗೆ?"

"ತಮಾಷೆ ಅಲ್ಲ. ಹಿಂದಿನ ಹಲಗೇಲಿ ತೂತಿತ್ತು, ಎರಡು ಸಾಲು. ಬಟ್ಟೆ ಹಾಕಿ ಮುಚ್ಚಿಬಿಟ್ಟೆ."

ಅವನು ಸೋಸುವುದನ್ನು ನಿಲ್ಲಿಸಿದ. ಕಪಾಟಿನಿಂದ ವಿಮಾನ ತಯಾರಿಸಿದವರ ಕೈಪಿಡಿ ತೆಗೆದು, ತಾನು ಎಂದೂ ತಿರುವದ ಒಂದು ಪುಟ ಹುಡುಕಿದ. ಚಿತ್ರವಿತ್ತು. ಎರಡು ಸಾಲು ತೂತು, ಪಕ್ಕದಲ್ಲಿ ಒಂದು ಬಾಣದ ಗುರುತು: ಗಾಳಿ ಹೊರಕ್ಕೆ. ಅವನು ಆ ಬಾಣದ ಮೇಲೆ ಬೆರಳಿಟ್ಟ.

"ಮೂರು ತಿಂಗಳು," ಅಂದ. "ಮೂರು ತಿಂಗಳು ನಾನು ಒಳಗೆ ಬರೋ ದಾರೀನೇ ಕೆರೆದೆ."

"ಬೈಯ್ಯೋದಾದ್ರೆ ಬೈದುಬಿಡಿ, ಕೆಲಸ ಇದೆ."

"ಬೈಯ್ಯೋಕೆ ಸುಲಭವಾಗ್ತಿತ್ತು," ಅಂದ ಮೇಸ್ತ್ರಿ, "ಬಾಗಿಲ ರಬ್ಬರ್ ನಾನು ಹಾಕದೆ ಇದ್ದಿದ್ರೆ. ಮುಂಚೆ ಆ ಸಂದೀಲಾದ್ರೂ ಸ್ವಲ್ಪ ಗಾಳಿ ಆಚೆ ಹೋಗ್ತಿತ್ತು. ಹಿಂದೆ ನೀವು ಮುಚ್ಚಿದ್ರಿ, ಪಕ್ಕದಲ್ಲಿ ನಾನು ಮುಚ್ಚಿದೆ. ಇಬ್ಬರೂ ಸೇರಿ ಡಬ್ಬ ಸೀಲ್ ಮಾಡಿದೀವಿ."

"ಡಬ್ಬದ ಮಾತು ಎತ್ತಬೇಡಿ. ಬೆಳಗ್ಗೆಯಿಂದ ಅದೇ ಆಗಿದೆ."

ಆದರೂ ಮೇಸ್ತ್ರಿ ಬಾಯಿಮಾತಿಗೆ ಒಪ್ಪುವವನಲ್ಲ, ಕಣ್ಣಿಗೆ ಕಾಣಬೇಕು. ಹೊಲಿಗೆಯಕ್ಕ ಕೆಂಪು ದಾರವನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಒಳಗೆಲ್ಲ ಅಂಟಿಸಿದಳು: ಕಿಂಡಿಯ ಬಾಯಲ್ಲಿ, ಸೀಟಿನ ತಲೆಯ ಮೇಲೆ, ಚಾವಣಿಯಲ್ಲಿ, ಹಿಂದಿನ ಹಲಗೆಯ ಅಂಚಿನಲ್ಲಿ. ಟೀಚರಮ್ಮ ಮುಂದೆ ಕೂತು ಎಂಜಿನ್ ಚಾಲು ಮಾಡಿದಳು. ವಿಮಾನ ನಿಂತಲ್ಲೇ ನಿಂತು ಗುಡುಗಿತು. ಪಂಖದ ಗಾಳಿ ರೆಕ್ಕೆಗೆ ಬಡಿಯಿತು. ದಾರಗಳು ಸೋಮಾರಿಗಳ ಹಾಗೆ ತೂಗಿಬಿದ್ದಿದ್ದವು. ಎಂಜಿನ್ ನಿಂತ ಮೇಲೆ ಹೊಲಿಗೆಯಕ್ಕ ಒಳಗೆ ತೆವಳಿ ಹೋಗಿ, ತನ್ನ ಸುಕ್ಕಿಲ್ಲದ ಬಟ್ಟೆಗೆ ಬ್ಲೇಡು ಇಟ್ಟಳು. ಹದಿನೆಂಟು ದಿನದ ಕೆಲಸದಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಭಾಗ ಅದು. ಒಂದೇ ಎಳೆತಕ್ಕೆ ಸೀಳಿದಳು.

ಮತ್ತೆ ಎಂಜಿನ್. ಕಿಂಡಿಯ ದಾರ ಮೊದಲು ಅಲ್ಲಾಡಿತು. ಆಮೇಲೆ ಸೀಟಿನ ಮೇಲಿನವು ಒಂದೊಂದಾಗಿ ತಲೆ ಎತ್ತಿ, ಎಲ್ಲವೂ ಹಿಂದಕ್ಕೆ ಮುಖ ಮಾಡಿ ಮಲಗಿದವು. ಹಲಗೆಯ ಅಂಚಿನ ದಾರ ತೂತಿನೊಳಗೇ ನುಸುಳಿಹೋಯಿತು. ಮೇಸ್ತ್ರಿ ಗಾಜಿನ ಆಚೆಯಿಂದ ಅದನ್ನು ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನ ಮಟ್ಟಿಗೆ ಅದು ಚಪ್ಪಾಳೆ.

ಶುಕ್ರವಾರ ಅವಳು ಸೀಳಿದ ಜಾಗವನ್ನು ಚೌಕವಾಗಿ ಕತ್ತರಿಸಿ, ಜಾಲರಿ ಬಟ್ಟೆ ಇಟ್ಟು, ಸುತ್ತ ಅದೇ ಕಡುನೀಲಿ ಪಟ್ಟಿ ಹೊಲಿದಳು. ಚೀಲಗಳು ಹೋಗಿ ಅದಕ್ಕೆ ಒತ್ತಿಕೊಳ್ಳದಂತೆ ಮುಂದೆ ಒಂದು ಅಡ್ಡಪಟ್ಟಿಯನ್ನೂ ಬಿಗಿದಳು. ಶನಿವಾರ ಟೀಚರಮ್ಮ, "ಹತ್ತಿ ಅಕ್ಕ. ಹಿಂದಿನ ಸೀಟಲ್ಲಿ ಕೂತು ನೀವೇ ನೋಡಿ ಹೇಳಬೇಕು," ಅಂದಳು.

ಹನ್ನೊಂದು ವರ್ಷದಲ್ಲಿ ಹೊಲಿಗೆಯಕ್ಕ ಈ ಸೀಟುಗಳ ಮೇಲೆ ಸಾವಿರ ಸಲ ಕೂತಿದ್ದಳು, ಎಲ್ಲ ಸಲವೂ ನೆಲದ ಮೇಲೆ. ವಿಮಾನ ಮೇಲೆದ್ದಾಗ ಅವಳು ತಾನೇ ಹೊಲಿದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೊಲಿಗೆ ಬಿಡುವುದಿಲ್ಲ ಎಂಬ ಭರವಸೆ ಅವಳಿಗಿದ್ದ ಹಾಗೆ ಬೇರೆ ಯಾವ ಪ್ರಯಾಣಿಕರಿಗೂ ಇದ್ದಿರಲಾರದು. ಮಧ್ಯಾಹ್ನದ ಬಿಸಿಲು ಕುತ್ತಿಗೆಗೆ ಹೊಡೆಯುತ್ತಿತ್ತು. ಗಾಳಿ ಮುಂದಿನಿಂದ ಬಂದು, ಅವಳ ಕಿವಿಯ ಕೂದಲು ಸರಿಸಿ, ಹಿಂದಕ್ಕೆ ಹೋಯಿತು. ಎಂಜಿನ್ನಿನ ಹೊಗೆ ಹಿಂದಿನಿಂದ ವಾಪಸ್ ನುಗ್ಗುತ್ತಿಲ್ಲವಷ್ಟೆ ಎಂದು ತಿಳಿಯಲು ಮೇಸ್ತ್ರಿ ಹಲಗೆಗೆ ಒಂದು ಪಟ್ಟಿ ಅಂಟಿಸಿದ್ದ. ಹೊಗೆ ಸೋಕಿದರೆ ಅದರ ಬಣ್ಣ ಕಪ್ಪಾಗುತ್ತದೆ. ಅವಳು ತಿರುಗಿ ತಿರುಗಿ ನೋಡಿದಳು. ಬಣ್ಣ ಬದಲಾಗಲಿಲ್ಲ. ಕೆಳಗೆ ಊರು ಬಟ್ಟೆಯ ತುಂಡುಗಳನ್ನು ಹರಡಿದ ಹಾಗೆ ಬಿದ್ದಿತ್ತು. ಅದರಲ್ಲಿ ತನ್ನ ಮನೆ ಯಾವುದು ಎಂದು ಹುಡುಕಿದಳು. ಸಿಗಲಿಲ್ಲ, ಸಿಗದಿದ್ದುದಕ್ಕೆ ಅವಳಿಗೆ ಸ್ವಲ್ಪವೂ ಬೇಜಾರಾಗಲಿಲ್ಲ.

"ಹೇಗಿದೆ?" ಎಂದು ಟೀಚರಮ್ಮ ಕೂಗಿದಳು.

"ನಮ್ಮ ಅಡುಗೆಮನೆಗಿಂತ ವಾಸಿ."

ಇಳಿದ ಮೇಲೆ ಮೇಸ್ತ್ರಿ ದಾಖಲೆ ಪುಸ್ತಕ ತೆಗೆದು, ಪೆನ್ನನ್ನು ಅವಳ ಕಡೆ ಚಾಚಿದ. "ನೀವೇ ಬರೀರಿ. ಚಳಿಗಾಲದ್ದೂ ಬರೀರಿ, ಈಗಿನದೂ ಬರೀರಿ."

ಅವಳು ಬರೆದಳು. ಹಿಂದಿನ ಹಲಗೆಗೆ ಬಟ್ಟೆ ಹಾಕಿದ್ದು, ಅದರಿಂದ ಗಾಳಿಯ ದಾರಿ ಮುಚ್ಚಿದ್ದು, ಈಗ ಅದನ್ನು ತೆಗೆದು ಜಾಲರಿ ಹಾಕಿದ್ದು. ಮಾಡಿದವರು ಎಂಬ ಕಡೆ ತನ್ನ ಸಹಿ ಹಾಕಿದಳು. ಮೇಸ್ತ್ರಿ ನೋಡಿದವರು ಎಂಬ ಕಡೆ ಸಹಿ ಹಾಕಿದ. ಕೆಳಗೆ ತನ್ನ ರಬ್ಬರಿನ ಮಾತನ್ನೂ ಸೇರಿಸಿದ.

ಸೋಮವಾರ ಸಭೆಗೆ ಮುಂಚೆ ಕಾರ್ಯದರ್ಶಿಗಳು ಇಬ್ಬರನ್ನೂ ಕರೆಸಿದರು. ಪುಸ್ತಕ ಮೇಜಿನ ಮೇಲೆ ತೆರೆದಿತ್ತು, ಪಕ್ಕದಲ್ಲಿ ಆ ಎರಡು ಕಾಗದ. ಗುಜರಿಯ ಕಾಗದವನ್ನು ಆಗಲೇ ಹರಿದು ಹಾಕಿದ್ದರು.

"ಏನಮ್ಮ ಇದು," ಅಂದರು. "ಒಳ್ಳೆ ಕೆಲಸಕ್ಕೆ ಕಾಯಂ ಮಾಡ್ತೀವಿ ಅಂತ ನಾನು ಬರೆದಿದೀನಿ. ಆ ಕೆಲಸದಿಂದಲೇ ವಿಮಾನ ಉಸಿರುಗಟ್ಟಿತು ಅಂತ ನೀವು ಬರೆದಿದೀರಿ. ಸಭೆಯವರು ನನ್ನನ್ನ ಏನಂತಾರೆ?"

"ಇದ್ದದ್ದನ್ನ ಬರೆದೆ ಸಾರ್," ಅಂದಳು ಹೊಲಿಗೆಯಕ್ಕ.

"ಬರೆಯದೇ ಇದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಗೊತ್ತಾಗದೇ ಇದ್ದಿದ್ದಕ್ಕೇ ಸಾರ್ ಮೂರು ತಿಂಗಳು ಹಿಡೀತು," ಅಂದ ಮೇಸ್ತ್ರಿ. "ತಪ್ಪು ನಮ್ಮದು. ಇವರ ಕೆಲಸ ಕೆಲಸಾನೇ ಅಲ್ಲ ಅಂದ್ಕೊಂಡು ಬರೆಸ್ತಿರಲಿಲ್ಲ. ಒಂದು ಗಜ ಬಟ್ಟೆಯಿಂದ ವಿಮಾನ ನಿಲ್ಲಿಸೋ ಶಕ್ತಿ ಇರೋವರನ್ನ ಪುಸ್ತಕದ ಹೊರಗಿಟ್ಟರೆ ಹೇಗೆ? ಕಾಯಂ ಮಾಡಿ, ಪ್ರತಿ ಹೊಲಿಗೆಗೂ ಸಹಿ ಹಾಕಿಸಿ. ಆಗ ನಂಗೂ ಹುಡುಕೋಕೆ ಸುಲಭ."

ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದರು. ಕೊನೆಗೆ 'ಅತ್ಯುತ್ತಮವಾಗಿ ನವೀಕರಿಸಿದ್ದಕ್ಕಾಗಿ' ಎಂಬ ಸಾಲನ್ನು ಪೂರ್ತಿ ಹೊಡೆದು ಹಾಕಿ, ಮೇಲೆ ಕೈಯಲ್ಲಿ ಬರೆದರು: 'ಗಾಳಿಯ ದೋಷ ಕಂಡುಹಿಡಿದು ಸರಿಪಡಿಸಿದ್ದಕ್ಕಾಗಿ'. ಹೊಲಿಗೆಯಕ್ಕ ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಅದನ್ನು ಓದಿದಳು. ಬಾಯಿಪಾಠ ಮಾಡಿದ್ದ ಸಾಲು ಹೋಗಿ ಹೊಸ ಸಾಲು ಬಂದಿತ್ತು. ಇದು ಸ್ವಲ್ಪ ಗಿಡ್ಡ, ಆದರೂ ಪಾತ್ರೆ ತಿಕ್ಕುವಾಗ ಹೇಳಿಕೊಳ್ಳಲು ಬರುತ್ತಿತ್ತು.

ಸಂಜೆ ಮನೆಗೆ ಬರುವಾಗ ಅಂಗಡಿಯಲ್ಲಿ ಗೆರೆ ಹಾಕಿದ ಒಂದು ನೋಟ್‌ಬುಕ್ ಕೊಂಡಳು. ಪುಟವನ್ನು ನಾಲ್ಕು ಕಾಲಮ್ಮು ಮಾಡಿ, ಶೆಡ್ಡಿನ ಪುಸ್ತಕದ ಹಾಗೆಯೇ ತಲೆಬರಹ ಬರೆದು, ದಾರ ಕಟ್ಟಿ, ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಗಂಡ ಬಂದು ಓದಿದ. ಮೊದಲ ಸಾಲಿನಲ್ಲಿ ಅವನ ಹೆಸರೇ ಇತ್ತು. ಗುರುವಾರ, ಎಣ್ಣೆ ಡಬ್ಬಕ್ಕೆ ಒಂದು ತೂತು.

"ನೋಡು, ನಾನೂ ಮಾಡ್ತೀನಿ ಅಂತ ನೀನೇ ಒಪ್ಕೊಂಡೆ ತಾನೇ," ಅಂದ ಅವನು ಖುಷಿಯಿಂದ.

ಅತ್ತೆ ಕನ್ನಡಕ ಹಾಕಿಕೊಂಡು ಎದ್ದು ಬಂದರು. ಎರಡನೆಯ ಸಾಲಿನಿಂದ ಕೆಳಗೆ ಸೊಸೆ ಬರೆದದ್ದೆಲ್ಲ ಬೆಳಗಿನ ಕೆಲಸ. ಪುಟ ಮುಗಿದು ಮಗುಚಬೇಕಾಗಿತ್ತು. ಅವರು ಪೆನ್ನು ಇಸಿದುಕೊಂಡು, ಮಗನ ಸಾಲಿನ ಎದುರು 'ನೋಡಿದವರು' ಎಂಬ ಕಡೆ ನಿಧಾನವಾಗಿ ಬರೆದರು: ಇನ್ನೊಂದು ತೂತು ಬೇಕು.

ಆಮೇಲೆ ಪುಟ ಮಗುಚಿ, "ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಎಲ್ಲಿಂದ ಶುರು ಮಾಡೋದೇ?" ಎಂದು ಸೊಸೆಯನ್ನು ಕೇಳಿದರು.

"ಅದಕ್ಕೆ ಬೇರೆ ಪುಸ್ತಕ ತರ್ತೀನಿ ಅತ್ತೆ," ಅಂದಳು ಹೊಲಿಗೆಯಕ್ಕ. ಗಂಡನ ಕಡೆ ತಿರುಗಿ, "ರೀ, ಸೊಪ್ಪು ಅಲ್ಲಿದೆ. ಬಿಡಿಸಿ, ಸಹಿ ಹಾಕಿ," ಅಂದಳು.